ಮಾವನ ಮಿಸ್ಡ್ ಕಾಲ್

ಅತ್ತೆಯ ಹಳೆಯ ಫೋನು ಪ್ರಾಣ ಬಿಟ್ಟದ್ದು ಬೇಳೆ ಬೇಯುತ್ತಿದ್ದ ಪಾತ್ರೆಯಲ್ಲಿ. ಭಾನುವಾರ ಬೆಳಿಗ್ಗೆ ತಂಗಿಯ ಜೊತೆ ಮಾತಾಡುತ್ತ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಈರುಳ್ಳಿ ಹೆಚ್ಚುತ್ತಿದ್ದವರು ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಕತ್ತು ತಿರುಗಿಸಿದ್ದೇ ತಡ, ಅದು ಜಾರಿ ಬುಳಕ್ಕನೆ ಮುಳುಗಿತು. ಸೌಟಿನಲ್ಲಿ ಎತ್ತಿದಾಗ ಅದರ ಗುಂಡಿಗಳ ಸಂದಿಯಿಂದ ಬೇಳೆ ಸೋರುತ್ತಿತ್ತು.

“ನೀರಲ್ಲಿ ಬಿದ್ದಿದ್ರೆ ಅಕ್ಕಿ ಡಬ್ಬೀಲಿ ಇಡಬಹುದಿತ್ತಮ್ಮ. ಬೇಳೇಲಿ ಬಿದ್ದಿದ್ದನ್ನ ಅನ್ನದಲ್ಲೇ ಇಡಬೇಕು” ಎಂದಳು ಮಗಳು ಪುಟ್ಟಿ. ಕಾಲೇಜಿಗೆ ಹೋಗುವ ಹುಡುಗಿ, ನಾಲಿಗೆ ಸ್ವಲ್ಪ ಉದ್ದ.

“ಬಾಯಿ ಮುಚ್ಚೇ. ನಾಳೆ ನಿಮ್ಮಪ್ಪ ರಿಂಗ್ ಕೊಟ್ರೆ ಏನು ಮಾಡ್ಲಿ?” ಎಂದು ಅತ್ತೆ ನಿಜಕ್ಕೂ ಕಂಗಾಲಾದರು.

ಮಾವ ಬಂದು ಫೋನು ಇಸಿದುಕೊಂಡು, ಹಿಂಬದಿ ಬಿಚ್ಚಿ, ಊದಿ, ಬ್ಯಾಟರಿ ತೆಗೆದು ಕಿಟಕಿಯ ಮೇಲೆ ಬಿಸಿಲಿಗಿಟ್ಟರು. ಮೂರು ದಿನ ಇಟ್ಟರೂ ಅದು ಮಿಸುಕಲಿಲ್ಲ.

ಸೊಸೆಗೆ ಒಳಗೊಳಗೇ ಖುಷಿ. ಈ ಮನೆಗೆ ಬಂದು ಎರಡು ವರ್ಷವಾಗಿತ್ತು. ಅವಳು ತಂದುಕೊಟ್ಟ ಬಟ್ಟೆ, ಚಪ್ಪಲಿ, ಕೈಚೀಲ ಎಲ್ಲವನ್ನೂ ಅತ್ತೆ “ಚೆನ್ನಾಗಿದೆ ಕಣಮ್ಮ” ಎಂದು ಹೊಗಳಿ ಬೀರುವಿನಲ್ಲಿ ಮಡಿಸಿ ಇಡುತ್ತಿದ್ದರು. ಫೋನನ್ನಾದರೂ ಬೀರುವಿನಲ್ಲಿ ಇಡುವಂತಿಲ್ಲವಲ್ಲ! ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಅತ್ತೆಯ ಕಣ್ಣಿನ ನಂಬರ್ ಅವಳಿಗೆ ಬಾಯಿಪಾಠ. ಅದಕ್ಕೆಂದೇ ಇದ್ದುದರಲ್ಲಿ ದೊಡ್ಡ ಪರದೆಯ ಫೋನನ್ನು ಆರಿಸಿ ಬುಧವಾರ ಸಂಜೆ ಮನೆಗೆ ತಂದಳು.

“ಇದೇನಮ್ಮ, ಟೀವಿ ತಂದಿದೀಯಾ?” ಎಂದರು ಅತ್ತೆ.

“ಫೋನೇ ಅತ್ತೆ. ಅಕ್ಷರ ದಪ್ಪಗೆ ಕಾಣ್ಲಿ ಅಂತ.”

“ಗುಂಡಿ ಎಲ್ಲಿ?”

“ಗುಂಡಿ ಇರಲ್ಲ. ಈ ಗಾಜಿನ ಮೇಲೇ ಮುಟ್ಟೋದು.”

ಗಾಜು ಎಂದ ಕೂಡಲೇ ಮಾವ ಕೈ ಚಾಚಿದರು. ಅವರು ಕಿಟಕಿ ಗಾಜಿನ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಗಾಜು ಕತ್ತರಿಸುವವರು. ಫೋನನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿ, ಅಂಚಿಗೆ ಹೆಬ್ಬೆರಳು ಸವರಿ, “ಒ... ಒಳ್ಳೇ ಗಾಜು” ಎಂದು ಸರ್ಟಿಫಿಕೇಟ್ ಕೊಟ್ಟು ವಾಪಸ್ ಮಾಡಿದರು. ಮಾವನಿಗೆ ಮಾತು ಕಡಿಮೆ. ಆಡುವ ನಾಲ್ಕು ಮಾತೂ ಅಲ್ಲಲ್ಲಿ ತಡೆದು ನಿಲ್ಲುತ್ತಿತ್ತು. ನಿಂತಲ್ಲಿ ಕೈ ಮುಂದೆ ಬರುತ್ತಿತ್ತು, ಕೈ ನೋಡಿ ಅತ್ತೆ ಉಳಿದದ್ದನ್ನು ಹೇಳಿಬಿಡುತ್ತಿದ್ದರು. ಸೊಸೆ ಇದನ್ನು ವಯಸ್ಸಾದವರ ನಿಧಾನ ಎಂದುಕೊಂಡಿದ್ದಳು, ಅದಕ್ಕಿಂತ ಹೆಚ್ಚು ಯೋಚಿಸಿರಲಿಲ್ಲ.

ಅವಳು ನೆಲದ ಮೇಲೆ ಕೂತು ಅತ್ತೆಯ ಹಳೇ ಡೈರಿ ನೋಡಿ ನಂಬರುಗಳನ್ನೆಲ್ಲ ಹೊಸ ಫೋನಿಗೆ ಏರಿಸಿದಳು. ಗ್ಯಾಸಿನವನು, ಡಾಕ್ಟರು, ತಂಗಿ, ನಲ್ಲಿ ರಿಪೇರಿಯವನು, ಮಗ, ಮಗಳು, ಸೊಸೆ.

“ಇನ್ಯಾರದ್ದಾದ್ರೂ ಬಿಟ್ಟಿದೀನಾ ಅತ್ತೆ?”

“ಇಲ್ಲಮ್ಮ, ಎಲ್ಲಾ ಬಂತು.”

ಎಲ್ಲಾ ಬಂದಿರಲಿಲ್ಲ. ಗಂಡನ ನಂಬರು ಆ ಡೈರಿಯಲ್ಲಿ ಇರಲೇ ಇಲ್ಲ. ಹದಿನೆಂಟು ವರ್ಷದಿಂದ ನಾಲಿಗೆಯ ತುದಿಯಲ್ಲೇ ಇದ್ದ ನಂಬರನ್ನು ಅತ್ತೆ ಯಾಕೆ ಬರೆದಿಟ್ಟುಕೊಂಡಾರು? ಅದು ಬಿಟ್ಟುಹೋಗಿದೆಯೆಂದು ಆಗ ಯಾರಿಗೂ ಹೊಳೆಯಲಿಲ್ಲ.

“ಮಧ್ಯೆ ಮಧ್ಯೆ ಇದು ಏನಾದ್ರೂ ಕೇಳ್ತಾ ಇರುತ್ತೆ ಅತ್ತೆ” ಎಂದಳು ಸೊಸೆ. “ತಲೆ ಕೆಡಿಸ್ಕೋಬೇಡಿ. ಕೆಳಗಡೆ ನೀಲಿ ಬಣ್ಣದ್ದು ಒಂದಿರುತ್ತೆ, ಒತ್ತಿಬಿಡಿ. ಸುಮ್ಮನಾಗುತ್ತೆ.”

ಮೊದಲ ವಾರ ಅತ್ತೆಗೂ ಫೋನಿಗೂ ಹಾವು ಮುಂಗುಸಿಯ ಸಂಬಂಧ. ಕರೆ ಬಂದರೆ ಸವರಬೇಕಾದಲ್ಲಿ ಒತ್ತುತ್ತಿದ್ದರು, ಒತ್ತಬೇಕಾದಲ್ಲಿ ಸವರುತ್ತಿದ್ದರು. ಪಾತ್ರೆ ತೊಳೆದ ಒದ್ದೆ ಕೈಗೆ ಅದು ಅಲುಗಾಡುತ್ತಲೇ ಇರಲಿಲ್ಲ. ಕಿವಿಗಿಟ್ಟರೆ ಕೆನ್ನೆ ತಾಗಿ ಕರೆ ಕಟ್ಟಾಗುತ್ತಿತ್ತು. ಒಂದು ದಿನ ಅವರಿಗೇ ಗೊತ್ತಿಲ್ಲದೆ ನಲವತ್ತೆರಡು ಫೋಟೋ ತೆಗೆದಿದ್ದರು, ಅಷ್ಟೂ ಅಡುಗೆಮನೆಯ ಸೂರಿನದು.

“ಅಕ್ಷರ ನಮ್ಮದೇ, ಮಾತು ಮಾತ್ರ ಯಾರದೋ” ಎಂದು ಅತ್ತೆ ಪರದೆ ನೋಡಿ ಮೂಗು ಮುರಿಯುತ್ತಿದ್ದರು. “‘ನವೀಕರಣ ಲಭ್ಯವಿದೆ’ ಅಂತೆ. ಅಂದ್ರೆ ಏನು? ಯಾರು ಮನೇಗೆ ಬರ್ತಾರೆ?”

“ಯಾರೂ ಬರಲ್ಲ ಅತ್ತೆ. ನೀಲಿ ಒತ್ತಿ.”

ಅತ್ತೆ ನೀಲಿ ಒತ್ತುತ್ತಿದ್ದರು. ಸೊಸೆ ಇಲ್ಲದಾಗ ಫೋನಿನ ಮೇಲೆ ಬೈಗುಳದ ಮಳೆ, ಅವಳು ಎದುರಿಗಿದ್ದರೆ ಮುಖದ ತುಂಬ ನಗು. ಹುಡುಗಿ ಆಸೆಪಟ್ಟು ತಂದದ್ದು, ಅದರ ಮನಸ್ಸು ನೋಯಿಸುವುದು ಅವರಿಂದಾಗದು.

ಅಸಲಿ ತೊಂದರೆ ಬಂದದ್ದು ರಿಂಗ್ ಲೆಕ್ಕದಲ್ಲಿ. ಆ ಮನೆಯ ಗಂಡ ಹೆಂಡತಿ ಹದಿನೆಂಟು ವರ್ಷದಿಂದ ಫೋನಿನಲ್ಲಿ ಒಂದು ಮಾತೂ ಆಡದೆ ಸಂಸಾರ ನಡೆಸಿದವರು. ಮಾವ ಒಂದು ರಿಂಗ್ ಕೊಟ್ಟು ಇಟ್ಟರೆ ಅಂಗಡಿಯಿಂದ ಊಟಕ್ಕೆ ಹೊರಟಿದ್ದೇನೆ, ಅನ್ನಕ್ಕಿಡು ಎಂದರ್ಥ. ಎರಡಾದರೆ ಸಂಜೆ ತರಕಾರಿಯವನ ಹತ್ತಿರ ನಿಂತಿದ್ದೇನೆ, ಏನು ತರಲಿ? ಅದಕ್ಕೆ ಅತ್ತೆ ತಿರುಗಿ ಒಂದು ಕೊಟ್ಟರೆ ಏನೂ ಬೇಡ, ಎರಡು ಕೊಟ್ಟರೆ ತರಕಾರಿ, ಮೂರು ಕೊಟ್ಟರೆ ಹಾಲು. ಮಾವನ ಕಡೆಯಿಂದ ಮೂರು ಬಂದರೆ ತಡವಾಗುತ್ತದೆ, ನೀನು ಊಟ ಮಾಡು. ಈ ಲೆಕ್ಕದಲ್ಲಿ ಒಂದು ದಿನವೂ ಅನ್ನ ಆರಿರಲಿಲ್ಲ.

ಹೊಸ ಫೋನಿನಲ್ಲಿ ರಿಂಗೇ ಇಲ್ಲ, ಸಿನಿಮಾ ಹಾಡು. ಹಾಡನ್ನು ಎಣಿಸುವುದು ಹೇಗೆ? ಪುಟ್ಟಿ ಹಳೇ ಗಂಟೆಯ ಶಬ್ದ ಹುಡುಕಿ ಹಾಕಿಕೊಟ್ಟಳು. ಆದರೂ ಸರಿಹೋಗಲಿಲ್ಲ. ಆ ಕಡೆ ಮಾವನ ಕಿವಿಯಲ್ಲಿ ಎರಡು ಸಲ ಬಡಿದರೆ ಈ ಕಡೆ ಒಂದೇ ಸಲ ಕೇಳಿಸುತ್ತಿತ್ತು. ಒಂದು ಕೊಟ್ಟರಂತೂ ಪರದೆ ಮಿನುಗಿ ಸುಮ್ಮನಾಗುತ್ತಿತ್ತು. ತಡವಾಗುತ್ತದೆಂದು ಮಾವ ಮೂರು ಕೊಟ್ಟರೆ ಅತ್ತೆಗೆ ಎರಡು ಕೇಳಿಸಿ, ಏನು ತರಲಿ ಎನ್ನುತ್ತಿದ್ದಾರೆ ಎಂದುಕೊಂಡು ತಿರುಗಿ ಮೂರು ಕೊಟ್ಟುಬಿಟ್ಟರು. ಕೆಲಸದಲ್ಲಿ ಮುಳುಗಿದ್ದ ಮಾವ, ಹಾಲಿಗೆ ಇಷ್ಟು ಅವಸರವೇನೋ ಎಂದು ಅರ್ಧಕ್ಕೆ ಎದ್ದು ಹಾಲು ತಂದರು. ಒಂದೇ ವಾರದಲ್ಲಿ ಹೀಗೆ ಮೂರು ಸಲ ಆಯಿತು.

“ಮನೇಲಿ ಹಸು ಕಟ್ಟಿದೀವೇನಮ್ಮ?” ಎಂದು ಮಗ ಫ್ರಿಜ್ಜಿನ ಬಾಗಿಲು ಹಿಡಿದು ಕೇಳಿದ. ಅವನು ಸಿಟಿ ಬಸ್ಸಿನ ಡ್ರೈವರು. ಪಾಳಿ ಮುಗಿಸಿ ಬಂದರೆ ಹಸಿವೂ ಜೋರು, ದನಿಯೂ ಜೋರು.

ಆ ದಿನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಸೊಸೆಗೆ ಇದೇ ಸಮಯ ಎನಿಸಿತು.

“ಮಾವ, ಈಗ ಎಷ್ಟು ಹೊತ್ತು ಮಾತಾಡಿದ್ರೂ ದುಡ್ಡು ಒಂದೇ. ಮಿಸ್ಡ್ ಕಾಲ್ ಯಾಕೆ? ಅತ್ತೆ ಎತ್ತಿದ ಕೂಡ್ಲೇ ‘ಹಾಲು ಬೇಕಾ’ ಅಂತ ಕೇಳಿಬಿಡಿ. ಎಲ್ಲಾ ಸಲೀಸು.”

“ನಮ್ಮಪ್ಪ ಫೋನಲ್ಲಿ ಮಾತಾಡೋದಾ?” ಮಗ ನಕ್ಕ. “ಮಾತಿಗೆ ದುಡ್ಡು ಬೀಳುತ್ತೆ ಅಂತ ಮನೇಲೇ ಆಡಲ್ಲ. ಜುಗ್ಗ ನಂಬರ್ ಒನ್.”

ಪುಟ್ಟಿಗೆ ನಗು ಉಕ್ಕಿ ನೀರು ನೆತ್ತಿಗೇರಿತು. ಮಾವನೂ ನಕ್ಕರು. ಜುಗ್ಗ ಎನ್ನುವುದು ಆ ಮನೆಯ ಹಳೇ ತಮಾಷೆ, ಅದನ್ನು ಕೇಳಿ ಮಾವ ಯಾವತ್ತೂ ಮುಖ ಸಿಂಡರಿಸಿದವರಲ್ಲ. ನಗದವರು ಅತ್ತೆ ಒಬ್ಬರೇ.

“ಮಾತಾಡಿ ನೋಡಿ ಮಾವ, ಒಂದ್ಸಲ” ಎಂದು ಸೊಸೆ ಬಿಡಲಿಲ್ಲ. ಮಾವ ತಟ್ಟೆಯ ಮೇಲೆ ತಲೆ ಬಗ್ಗಿಸಿದರು.

“ಊಟ ಮಾಡಿ ಎಲ್ರೂ. ಕೈ ಒಣಗ್ತಿದೆ” ಎಂದು ಅತ್ತೆ ಗದರಿದರು. ಆಮೇಲೆ ಪಾತ್ರೆ ತೊಳೆಯುವಲ್ಲಿ ಸೊಸೆಯ ಪಕ್ಕ ನಿಂತು, ಮುಖ ನೋಡದೆ ಹೇಳಿದರು: “ಅವರನ್ನ ಮಾತಾಡಿ ಮಾತಾಡಿ ಅಂತ ಪೀಡಿಸ್ಬೇಡ ಕಣಮ್ಮ.”

“ನಾನೇನು ಪೀಡಿಸ್ದೆ ಅತ್ತೆ?”

“ಬೇಡ ಅಂದ್ರೆ ಬೇಡ. ಅಷ್ಟೇ.”

ಸೊಸೆಗೆ ಚುರುಕ್ಕೆಂದಿತು. ಒಳ್ಳೆಯದು ಮಾಡಲು ಹೋಗಿ ಬೈಸಿಕೊಂಡೆನಲ್ಲ ಎಂದು ಎರಡು ದಿನ ಮುಖ ಊದಿಸಿಕೊಂಡೇ ಓಡಾಡಿದಳು.

ಮುಂದಿನ ಸೋಮವಾರ ಮಧ್ಯಾಹ್ನ, ಮನೆಯಲ್ಲಿ ಅತ್ತೆ ಒಬ್ಬರೇ ಇದ್ದಾಗ, ಹೊಸ ಫೋನು ಒಂದು ಪ್ರಶ್ನೆ ಕೇಳಿತು. ಅದಕ್ಕೆ ಮಾವನ ಗುರುತಿಲ್ಲ. ಅದರ ಪಾಲಿಗೆ ಅವರು ಯಾರೋ ಹೆಸರಿಲ್ಲದ ಮನುಷ್ಯ, ದಿನಕ್ಕೆ ಮೂರು ನಾಲ್ಕು ಸಲ ಕರೆ ಮಾಡಿ, ಎತ್ತುವ ಮೊದಲೇ ಇಟ್ಟು ಓಡಿಹೋಗುವವನು. ‘ಈ ಸಂಖ್ಯೆಯಿಂದ ಅನಪೇಕ್ಷಿತ ಕರೆಗಳು ಬರುತ್ತಿರುವಂತಿದೆ. ನಿರ್ಬಂಧಿಸಬೇಕೆ?’ ಎಂದಿತು. ಅತ್ತೆಯ ಕೈ ತುಂಬ ಹಿಟ್ಟು, ಕನ್ನಡಕ ಹಣೆಯ ಮೇಲೆ. ಇನ್ನೇನು ಕೇಳುತ್ತಿದೆಯೋ ಇದು ಎಂದು ಗೊಣಗಿ, ಸೊಸೆ ಹೇಳಿಕೊಟ್ಟಂತೆ ಕಿರುಬೆರಳಿನಿಂದ ನೀಲಿ ಒತ್ತಿದರು. ಅದು ಸುಮ್ಮನಾಯಿತು.

ಅಲ್ಲಿಂದ ಮಾವನ ರಿಂಗು ನಿಂತುಹೋಯಿತು. ಮಾವ ಕೊಡುತ್ತಲೇ ಇದ್ದರು, ಪ್ರತಿ ಸಲವೂ ಆ ಕಡೆ ಎಂಗೇಜ್ ಶಬ್ದ. ಅತ್ತೆ ಕಾಯುತ್ತಲೇ ಇದ್ದರು. ಅನ್ನ ಒಮ್ಮೆ ಬೇಗ ಆಗಿ ಆರಿತು, ಒಮ್ಮೆ ತಡವಾಗಿ ಮಾವ ಅರೆಹೊಟ್ಟೆಯಲ್ಲಿ ಎದ್ದು ಹೋದರು.

“ಮಧ್ಯಾಹ್ನ ಯಾರ ಹತ್ರ ಅಷ್ಟು ಮಾ... ಮಾತು?” ಎಂದು ಬುಧವಾರ ಮಾವ ಕೇಳೇಬಿಟ್ಟರು.

“ಯಾರ ಹತ್ರಾನೂ ಇಲ್ಲ. ನೀವ್ಯಾಕೆ ರಿಂಗ್ ಕೊಡ್ಲಿಲ್ಲ?”

“ಕೊ... ಕೊಟ್ಟೆ.”

“ಬರ್ಲಿಲ್ಲ.”

“ಕೊಟ್ಟೆ ಅಂದ್ನಲ್ಲ!”

“ಬರ್ಲಿಲ್ಲ ಅಂದ್ನಲ್ಲ!”

“ನೆಟ್‌ವರ್ಕ್ ಪ್ರಾಬ್ಲಮ್ ಬಿಡ್ರಪ್ಪ” ಎಂದು ಮಗ ಟೀವಿಯಿಂದ ಕಣ್ಣು ತೆಗೆಯದೆ ತೀರ್ಪು ಕೊಟ್ಟ. ಸೊಸೆಯೂ ಅದನ್ನೇ ನಂಬಿದಳು. ಹೊಸ ಫೋನು ಕೈಗೆ ಬಂದ ಮೇಲೆ ಇವಳು ಯಾವಾಗಲೂ ತಂಗಿಯ ಜೊತೆ ಹರಟುತ್ತಾಳೆ, ನನ್ನ ರಿಂಗು ಬೇಡವಾಗಿದೆ ಎಂದು ಮಾವ. ಇವರಿಗೆ ಬೇಜಾರು ಬಂದು ಬಿಟ್ಟೇಬಿಟ್ಟಿದ್ದಾರೆ, ಸುಳ್ಳು ಬೇರೆ ಹೇಳುತ್ತಾರೆ ಎಂದು ಅತ್ತೆ. ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಇಬ್ಬರೂ ತಟ್ಟೆ ಹಾಕಿಕೊಂಡು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಉಂಡರು.

ಶುಕ್ರವಾರ ಬೆಳಿಗ್ಗೆ ಅತ್ತೆಯ ಮೈ ಕಾದ ಹೆಂಚಾಗಿತ್ತು.

“ರಜಾ ಹಾಕ್ತೀನಿ ಅತ್ತೆ” ಎಂದಳು ಸೊಸೆ.

“ಬೇಡ. ಒಂದು ಮಾತ್ರೆ ನುಂಗಿ ಮಲಗಿದ್ರೆ ಸಾಕು. ಹೋಗಿ ಎಲ್ರೂ, ನನ್ನ ತಲೆ ತಿನ್ಬೇಡಿ.”

ಮಾವ ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಂಡು ಸುಮಾರು ಹೊತ್ತು ನಿಂತರು. ಏನೋ ಹೇಳಲು ಕೈ ಎತ್ತಿದರು. ಅತ್ತೆ ಆ ಕಡೆ ಹೊರಳಿದರು. ಮುನಿಸು ಇನ್ನೂ ಇತ್ತು. ಮಾವ ಕೈ ಇಳಿಸಿ ಹೊರಟರು.

ಆ ದಿನ ಅವರ ಕೆಲಸ ಊರಾಚೆ ಕಟ್ಟುತ್ತಿದ್ದ ಒಂದು ಕಟ್ಟಡದಲ್ಲಿ, ಮಧ್ಯಾಹ್ನ ಊಟಕ್ಕೆ ಬರುವಂತಿರಲಿಲ್ಲ. ಹನ್ನೊಂದಕ್ಕೆ ರಿಂಗ್ ಕೊಟ್ಟರು, ಎಂಗೇಜ್. ಹನ್ನೆರಡಕ್ಕೆ, ಹನ್ನೆರಡೂವರೆಗೆ, ಒಂದಕ್ಕೆ. ಜ್ವರದಲ್ಲಿ ಮಲಗಿದವಳು ಎರಡು ಗಂಟೆ ಯಾರ ಜೊತೆ ಮಾತಾಡುತ್ತಾಳೆ? ಮಗ ಬಸ್ಸು ಓಡಿಸುತ್ತಿದ್ದಾನೆ, ಎತ್ತುವುದಿಲ್ಲ. ಪುಟ್ಟಿಗೆ ಪರೀಕ್ಷೆ. ಉಳಿದವಳು ಸೊಸೆ.

ಅಂಗಡಿಯಲ್ಲಿ ಸೊಸೆ ಒಬ್ಬ ಮೇಷ್ಟರ ಕನ್ನಡಕದ ಕಡ್ಡಿ ಬಗ್ಗಿಸುತ್ತಿದ್ದಳು. ಫೋನಿನಲ್ಲಿ ಮಾವನ ಹೆಸರು ಕಂಡು ಆಶ್ಚರ್ಯದಿಂದಲೇ ಎತ್ತಿದಳು.

“ಹಲೋ, ಮಾವ?”

ಆ ಕಡೆ ಏನೂ ಇಲ್ಲ. ಉಸಿರಿನಂಥದ್ದು ಒಂದು, ಮಧ್ಯೆ ಕತ್ತರಿಸಿಹೋದ ಸದ್ದು.

“ಹಲೋ? ಹಲೋ? ಏನೂ ಕೇಳಿಸ್ತಿಲ್ಲ ಮಾವ. ನೆಟ್‌ವರ್ಕ್ ಇಲ್ಲ ಅನ್ಸುತ್ತೆ. ಇಡ್ತೀನಿ.”

ತಕ್ಷಣ ಮತ್ತೆ ಬಂತು. ಮತ್ತೆ ಅದೇ ತುಂಡು ತುಂಡು ಸದ್ದು. “ಕೇಳಿಸ್ತಿಲ್ಲ ಮಾವ, ಆಮೇಲೆ ಮಾಡಿ” ಎಂದು ಇಟ್ಟಳು. ಮೂರನೇ ಸಲ ಬರಲಿಲ್ಲ. ಅವಳು ಕಡ್ಡಿ ಬಗ್ಗಿಸಿ, ಮೇಷ್ಟರ ಕಿವಿಗೆ ಹಾಕಿ ನೋಡಿ, ಆ ಕರೆಯನ್ನು ಮರೆತೂಬಿಟ್ಟಳು.

ಸಂಜೆ ಮನೆಗೆ ಬಂದರೆ ಅಡುಗೆಮನೆಯ ಕಿಟಕಿಯಲ್ಲಿ ಗಾಜಿರಲಿಲ್ಲ. ಹೊರಗೆ ಸ್ಟೂಲಿನ ಮೇಲೆ ನಿಂತು ಮಾವ ಚೌಕಟ್ಟಿಗೆ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದರು. ಅಂಗೈಗೆ ಬಟ್ಟೆ ಸುತ್ತಿತ್ತು.

“ಏನಾಯ್ತೇ?” ಎಂದು ಬಾಗಿಲಲ್ಲಿದ್ದ ಪುಟ್ಟಿಯನ್ನು ಕೇಳಿದಳು.

“ಅಪ್ಪ ಮಧ್ಯಾಹ್ನವೇ ಬಂದ್ಬಿಟ್ರಂತೆ ಅತ್ತಿಗೆ. ಕೆಲಸ ಅರ್ಧಕ್ಕೆ ಬಿಟ್ಟು, ಎರಡು ಬಸ್ಸು ಹತ್ತಿ. ಅಮ್ಮ ಒಳಗಿಂದ ಚಿಲಕ ಹಾಕ್ಕೊಂಡು ಮಾತ್ರೆ ನಿದ್ದೆ. ಎಷ್ಟು ಬಡಿದ್ರೂ ಏಳ್ಲಿಲ್ಲ. ಕಿಟಕಿ ಒಡೆದು ಒಳಗೆ ಬಂದಿದಾರೆ.” ಪುಟ್ಟಿಯ ಉದ್ದ ನಾಲಿಗೆ ಆ ದಿನ ಗಿಡ್ಡವಾಗಿತ್ತು. “ನಮ್ಮಪ್ಪ, ಗಾಜು ಒಡೆದು.”

ಸೊಸೆ ಕಿಟಕಿಯತ್ತ ಓಡಿದಳು. “ಮಾವ, ನೀವು ನನಗೆ ಮಾಡಿದ್ದು ಇದಕ್ಕೇನಾ? ನನಗೇನೂ ಕೇಳಿಸ್ಲೇ ಇಲ್ಲ ಮಾವ. ನೆಟ್‌ವರ್ಕ್ ಇರ್ಲಿಲ್ಲ.”

ಮಾವ ಟೇಪನ್ನು ಮಡಿಸಿದರು. ತಿರುಗಿ ನೋಡಲಿಲ್ಲ.

“ನೆ... ನೆಟ್‌ವರ್ಕ್ ಇತ್ತಮ್ಮ” ಎಂದರು.

ಅಷ್ಟೇ ಅಂದದ್ದು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಒಳಗೆ ಹೋಗಿ ಅತ್ತೆಯ ಹಾಸಿಗೆಯ ಪಕ್ಕ ಕುಸಿದು ಕೂತಳು. ಅತ್ತೆಗೆ ಜ್ವರ ಇಳಿದಿತ್ತು, ಕಣ್ಣು ಮಾತ್ರ ಕೆಂಪಗಿದ್ದವು.

“ನಿನಗೆ ಮೊದಲೇ ಹೇಳ್ಬೇಕಿತ್ತು” ಎಂದರು ಅತ್ತೆ ಮೆಲ್ಲಗೆ. “ಅವರಿಗೆ ಎದುರಿಗೆ ಮುಖ ಇಲ್ದಿದ್ರೆ ಮಾತು ಹೊರಡಲ್ಲ ಕಣಮ್ಮ. ಮನೇಲಿ ಹೇಗೋ ಕೈ ಸನ್ನೆ ಮಾಡಿ ದಾಟಿಸ್ತಾರೆ. ಫೋನಲ್ಲಿ ಕೈ ಯಾರಿಗೆ ಕಾಣುತ್ತೆ? ನಿನ್ನ ಗಂಡ ಹುಟ್ಟಿದಾಗ ಆಸ್ಪತ್ರೆ ಫೋನಿಂದ ನಮ್ಮ ತವರಿಗೆ ಫೋನ್ ಮಾಡಿದ್ರು. ಗಂಡು ಮಗು ಅನ್ನೋದಕ್ಕೆ ಗ... ಗ... ಅಂತಿದಾರೆ. ನಮ್ಮಣ್ಣ ಯಾರೋ ಪೋಲಿ ಅಂದ್ಕೊಂಡು ಬಾಯಿಗೆ ಬಂದಹಾಗೆ ಬೈದು ಇಟ್ಬಿಟ್ಟ. ಇವರು ಬಸ್ಸಲ್ಲಿ ಮೂರು ಗಂಟೆ ಹೋಗಿ, ಎದುರಿಗೆ ನಿಂತು ಹೇಳಿ ಬಂದ್ರು. ಅವತ್ತಿಂದ ಫೋನಲ್ಲಿ ಬಾಯಿ ಬಿಟ್ಟಿಲ್ಲ. ಇವತ್ತು ನಿನ್ನ ಹತ್ರಾನೇ ಬಿಟ್ಟಿದ್ದು.”

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. “ಮತ್ತೆ ಎಲ್ರೂ ಜುಗ್ಗ ಅಂತಾರಲ್ಲ ಅತ್ತೆ?”

“ಅನ್ಲಿ. ಅದು ಅವರಿಗೆ ಸುಖ. ಜುಗ್ಗ ಅಂದ್ರೆ ಜನ ನಗ್ತಾರೆ, ಪಾಪ ಅಂತ ಯಾರೂ ಅನ್ನಲ್ಲ.”

ಸೊಸೆ ಅಳುತ್ತಲೇ ಹೊಸ ಫೋನು ಕೈಗೆತ್ತಿಕೊಂಡಳು. ನೆಟ್‌ವರ್ಕ್ ಇತ್ತು ಎಂದಾದರೆ ಅತ್ತೆಗೆ ರಿಂಗು ಯಾಕೆ ಬರಲಿಲ್ಲ? ಒಂದೊಂದೇ ತೆರೆದು ನೋಡುತ್ತ ಹೋದಳು. ತಡೆದ ನಂಬರುಗಳ ಪಟ್ಟಿಯಲ್ಲಿ ಒಂದೇ ಒಂದು ಇತ್ತು. ಗಟ್ಟಿಯಾಗಿ ಓದಿದಳು. ಅರ್ಧ ಓದುವಷ್ಟರಲ್ಲಿ ಉಳಿದರ್ಧವನ್ನು ಅತ್ತೆ ಹೇಳಿ ಮುಗಿಸಿದರು.

“ಅದು ಇವರದ್ದು! ಅಲ್ಲೇನು ಮಾಡ್ತಿದೆ?”

“ಇದು ಕೇಳಿದೆ, ನೀವು ನೀಲಿ ಒತ್ತಿದೀರ. ನಾನೇ ಒತ್ತಿ ಅಂದಿದ್ದು ಅತ್ತೆ. ನನ್ನದೇ ತಪ್ಪು.”

ವಿಷಯ ಪೂರ್ತಿ ತಿಳಿದಾಗ ಅತ್ತೆ ಹಾಸಿಗೆ ಅಲುಗುವಷ್ಟು ನಕ್ಕರು. “ಗಂಡನ್ನ ಫೋನಿಂದಲೂ ಆಚೆ ಹಾಕಿ ಚಿಲಕ, ಮನೆಯಿಂದಲೂ ಆಚೆ ಹಾಕಿ ಚಿಲಕ! ರೀ, ಬನ್ನಿ ಇಲ್ಲಿ! ನೀವು ಸುಳ್ಳು ಹೇಳಿರ್ಲಿಲ್ಲ!”

ಮಾವ ಗಾಜಿಲ್ಲದ ಕಿಟಕಿಯಿಂದಲೇ ಇಣುಕಿದರು. ಅತ್ತೆ ನಗುತ್ತ ನಗುತ್ತ ಅಳುತ್ತಿದ್ದರು. ಮೂರು ದಿನದ ಮುನಿಸು ಅಷ್ಟಕ್ಕೆ ಮುಗಿಯಿತು.

“ಈಗ ಇವರ ನಂಬರ್ ಸೇರಿಸ್ತೀನಿ ಅತ್ತೆ. ಏನಂತ ಹಾಕ್ಲಿ?”

ಅತ್ತೆ ಯೋಚಿಸಿದರು. “‘ಇವರು’ ಅಂತ ಹಾಕು. ಸಾಕು.”

ಮರುದಿನ ಬೆಳಿಗ್ಗೆ ಸೊಸೆ ಗಂಡನಿಗೆ ಎಲ್ಲ ಹೇಳಿದಳು. ಅವನು ಶೂ ಲೇಸು ಕಟ್ಟುತ್ತಿದ್ದವನು ಹಾಗೇ ಕೂತ. ಅಪ್ಪನ ಮಾತು ತಡೆಯುವುದು ಅವನಿಗೆ ಗೊತ್ತಿತ್ತು. ಅದಕ್ಕೂ ಫೋನಿಗೂ ಸಂಬಂಧವಿದೆಯೆಂದು ಹೊಳೆದಿರಲಿಲ್ಲ. ಅವತ್ತು ಊಟಕ್ಕೆ ಕೂತಾಗ ಅವನ ಬಾಯಲ್ಲಿ ಮಾತಿಲ್ಲ. ಮಾವ ಎರಡು ಸಲ ಅವನ ಮುಖ ನೋಡಿದರು.

“ಏನೋ, ಇವತ್ತು ಜು... ಜುಗ್ಗ ಅನ್ಲೇ ಇಲ್ಲ?”

ಮಗ ತಲೆ ಎತ್ತದೆ ಅನ್ನ ಕಲಸಿದ. “ಜುಗ್ಗನೇ ಕಣಪ್ಪ ನೀನು. ದಿನಾ ಹೇಳ್ಬೇಕಾ?” ಎಂದ. ದನಿ ಒಡೆಯಿತು. ಮಾವ ಅವನ ತಟ್ಟೆಗೆ ಇನ್ನಷ್ಟು ಬೇಳೆ ಬಡಿಸಿದರು.

ಭಾನುವಾರ ಮನೆಯಲ್ಲಿ ರಿಂಗಿನ ಪರೀಕ್ಷೆ ನಡೆಯಿತು. ಮಾವ ಬೀದಿಯ ಕೊನೆಯಲ್ಲಿ, ಅತ್ತೆ ಅಡುಗೆಮನೆಯಲ್ಲಿ, ಪುಟ್ಟಿ ನಡುವೆ ಓಡಾಡಲು. “ಅಲ್ಲಿ ಎರಡು!” ಎಂದು ಅವಳು ಕೂಗಿದರೆ, “ಇಲ್ಲಿ ಒಂದು!” ಎಂದು ಸೊಸೆ ಕೂಗುತ್ತಿದ್ದಳು. ಹತ್ತು ಸಲ ನೋಡಿದ ಮೇಲೆ ಖಾತ್ರಿಯಾಯಿತು.

“ಒಂದೊಂದು ಜಾಸ್ತಿ ಕೊಡಿ, ಅಷ್ಟೇ ತಾನೇ” ಎಂದರು ಅತ್ತೆ. “ಈ ಫೋನಿಗೆ ಸ್ವಲ್ಪ ಕಿವಿ ಮಂದ.”

ಎಲ್ಲರ ಮನಸ್ಸೂ ಹಗುರಾಗಿತ್ತು. ಸೊಸೆಗೆ ಮಾತ್ರ ಒಳಗೆ ಒಂದು ಮುಳ್ಳು ಉಳಿದಿತ್ತು. ಮಾವ ಟೀ ಕುಡಿಯುತ್ತ ಒಬ್ಬರೇ ಕೂತಿದ್ದಾಗ ಹತ್ತಿರ ಹೋದಳು.

“ಮಾವ, ಅವತ್ತು ಫೋನ್ ಇಟ್ಟಿದ್ದು ತಪ್ಪಾಯ್ತು. ಇನ್ನು ಯಾವತ್ತೂ ಹಾಗೆ ಇಡಲ್ಲ.”

ಮಾವ ಲೋಟ ತಿರುಗಿಸಿದರು.

“ನನಗೂ ಒಂದು ಲೆಕ್ಕ ಹೇಳಿಕೊಡಿ ಮಾವ. ನೀವು ಇಷ್ಟು ರಿಂಗ್ ಕೊಟ್ರೆ ಇದು ಅಂತ. ನಿಮಗೂ ಸುಲಭ ಆಗುತ್ತೆ.”

ಮಾವ ತಲೆ ಅಲ್ಲಾಡಿಸಿದರು. ಸ್ವಲ್ಪ ನಾಚಿಕೊಂಡಂತೆಯೂ ಇತ್ತು. “ಅ... ಅದು ನಿಮ್ಮತ್ತೇದು.”

ಒಲೆಯ ಮುಂದಿದ್ದ ಅತ್ತೆ ಕೇಳಿಸದವರಂತೆ ಪಾತ್ರೆ ಸದ್ದು ಮಾಡಿದರು. ಸೊಸೆ ನಕ್ಕಳು. ಆದರೆ ಮುಳ್ಳು ಹಾಗೇ ಇತ್ತು. ರಿಂಗು ಅತ್ತೆಯದು, ಸರಿ. ತನ್ನ ಪಾಲಿಗೇನು?

ಮೂರು ವಾರ ಕಳೆಯಿತು. ಅಡುಗೆಮನೆಯ ಕಿಟಕಿಗೆ ಹೊಸ ಗಾಜು ಕೂತಿತು. ಅತ್ತೆ ಫೋನಿನಲ್ಲಿ ತಂಗಿಯ ಮುಖ ನೋಡಿಕೊಂಡು ಮಾತಾಡುವುದನ್ನು ಕಲಿತರು, ತಂಗಿಯ ಅಡುಗೆಮನೆ ಎಷ್ಟು ಗಲೀಜಾಗಿದೆ ಎನ್ನುವುದೂ ಅವರಿಗೆ ತಿಳಿಯಿತು. ನೀಲಿ ಒತ್ತುವ ಮೊದಲು ಸೊಸೆಗೆ ಫೋನ್ ಮಾಡಿ ಅಕ್ಷರ ಅಕ್ಷರ ಓದಿ ಕೇಳುತ್ತಿದ್ದರು. ಮಾವನ ಹೆಸರು ಸೊಸೆಯ ಫೋನಿನಲ್ಲಿ ಮತ್ತೆ ಮೂಡಲಿಲ್ಲ.

ಒಂದು ಮಂಗಳವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳಿಗ್ಗೆ ತಡವಾಗಿ ಎದ್ದು ಓಡಿ ಬಂದಿದ್ದ ಸೊಸೆ, ಒಬ್ಬ ಅಜ್ಜಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತಿದ್ದಳು. ಫೋನು ಹೊಡೆದುಕೊಂಡಿತು. ಮಾವ.

ಅವಳು ಎತ್ತಿದಳು. “ಮಾವ, ಹೇಳಿ” ಎಂದಳು. ಆಮೇಲೆ ತುಟಿ ಬಿಗಿದುಕೊಂಡಳು.

ಆ ಕಡೆ ಉಸಿರು. ಹೊರಟು ನಿಂತ ಒಂದು ಅಕ್ಷರ. ಮತ್ತೆ ಉಸಿರು.

“ಯಾರಮ್ಮ ಅದು? ಗಿರಾಕಿ ಕಾಯ್ತಿದಾರೆ” ಎಂದರು ಮಾಲೀಕರು. ಸೊಸೆ ಒಂದು ನಿಮಿಷ ಎನ್ನುವಂತೆ ಅವರಿಗೆ ಬೆರಳೆತ್ತಿ ತೋರಿಸಿ ಪಕ್ಕಕ್ಕೆ ಸರಿದು ಬಾಗಿಲಿನ ಗಾಜಿನ ಹತ್ತಿರ ನಿಂತಳು. ಆಗ ಕಂಡರು. ಎದುರು ಫುಟ್‌ಪಾತಿನಲ್ಲಿ, ರಸ್ತೆಗೆ ಬೆನ್ನು ಮಾಡಿ, ಗೋಡೆಗೆ ಮುಖ ಕೊಟ್ಟು, ಮಾವ ಫೋನು ಕಿವಿಗೊತ್ತಿಕೊಂಡು ನಿಂತಿದ್ದರು. ಸೈಕಲ್ಲಿನ ಹ್ಯಾಂಡಲಿಗೆ ಒಂದು ಚೀಲ ತೂಗುತ್ತಿತ್ತು. ಅವರ ಇನ್ನೊಂದು ಕೈ ಯಾರೂ ಇಲ್ಲದ ಆ ಗೋಡೆಯ ಮುಂದೆ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ಹತ್ತು ಹೆಜ್ಜೆ ಇಟ್ಟರೆ ರಸ್ತೆಯ ಆ ಬದಿ. ಬಾಗಿಲು ತಳ್ಳಿ ಓಡಿ ಹೋಗಿ ಎದುರಿಗೆ ನಿಂತುಬಿಟ್ಟರೆ ಮಾವನ ಕಷ್ಟ ಮುಗಿದುಹೋಗುತ್ತದೆ. ಅವಳ ಕೈ ಬಾಗಿಲ ಹಿಡಿಯ ಮೇಲೆ ಹೋಯಿತು. ಅಲ್ಲೇ ನಿಂತಿತು. ಅಂಗಡಿಗೇ ಬಂದುಬಿಡಬಹುದಿತ್ತು ಮಾವ. ಬರಲಿಲ್ಲ. ಫೋನ್ ಮಾಡಿದ್ದಾರೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಕಾದಳು.

“ಊ...” ಎಂದರು ಮಾವ. ನಿಂತಿತು. ಒಂದು ಬಸ್ಸು ಹೋಯಿತು. ಕುರ್ಚಿಯಲ್ಲಿದ್ದ ಅಜ್ಜಿ ಅರ್ಧ ಕೂತ ಕನ್ನಡಕದಲ್ಲೇ ಇತ್ತ ನೋಡಿದರು. “ಊ... ಊಟದ...”

ಸೊಸೆ ಹೂಂ ಎನ್ನಲಿಲ್ಲ, ಡಬ್ಬಿನಾ ಎಂದು ಕೇಳಲಿಲ್ಲ.

“ಊಟದ ಡ... ಡಬ್ಬಿ ಬಿಟ್ಟು ಬಂದಿದೀಯಮ್ಮ. ನಾನು ತಂದಿದೀನಿ. ಬಿಸಿ ಇದೆ. ಎ... ಎದುರಿಗೇ ಇದೀನಿ, ಬಾ.”

“ಬಂದೆ ಮಾವ” ಎಂದಳು ಸೊಸೆ. ಆದರೂ ಫೋನನ್ನು ತಾನಾಗಿ ಇಡಲಿಲ್ಲ. ಮಾವ ಇಡುವವರೆಗೂ ಕಿವಿಗೆ ಹಿಡಿದುಕೊಂಡೇ ನಿಂತಿದ್ದು, ಆಮೇಲೆ ರಸ್ತೆ ದಾಟಿದಳು.